ಮೂರು ಸಲ ಕೂಗಿದರೂ ಬಾರದವರು

ಕೋರ್ಟಿನಲ್ಲಿ ನಗಬಾರದು ಎಂದು ಕೆಲಸಕ್ಕೆ ಸೇರಿದ ದಿನವೇ ನನಗೆ ತಾಕೀತು ಮಾಡಿದ್ದರು. ಆದರೆ ನಗು ತರಿಸುವ ಸಂಗತಿಗಳು ಅಲ್ಲಿ ನಡೆದಷ್ಟು ನಾಟಕ ಕಂಪನಿಯಲ್ಲೂ ನಡೆಯಲಿಕ್ಕಿಲ್ಲ, ಅದೂ ಟಿಕೀಟಿಲ್ಲದೆ. ನಾನು ಅಲ್ಲಿ ಪಟ್ಟೇವಾಲಾ ಆಗಿದ್ದೆ, ಅಂದರೆ ಜವಾನ. ಫೈಲು ಹೊರುವುದು, ನ್ಯಾಯಾಧೀಶರಿಗೆ ನೀರು ಇಡುವುದು, ಬಾಗಿಲಲ್ಲಿ ನಿಂತು ಆರೋಪಿಯ ಹೆಸರನ್ನು ಮೂರು ಸಲ ಕೂಗುವುದು, ಇಷ್ಟು ನನ್ನ ಕೆಲಸ. ಚಿಕ್ಕೋಡಿಯಿಂದ ಅಥಣಿಯತನಕದ ಈ ಸೀಮೆಯಲ್ಲಿ ಅದು ಯಾವ ಊರಿನ ಕೋರ್ಟು ಎಂದು ಮಾತ್ರ ಕೇಳಬೇಡಿ. ಪೆನ್ಶನ್ ಬರುತ್ತಿದೆ, ಬರುತ್ತಲೇ ಇರಲಿ ಎಂದು ನನ್ನ ಆಸೆ. ಕೋರ್ಟಿನ ಹೆಸರನ್ನೇ ಹೇಳದವನು ಈ ಕಥೆಯಲ್ಲಿ ಬರುವ ಮುಖಂಡರ ಹೆಸರನ್ನು ಹೇಳುತ್ತೇನೆ ಎಂದು ನೀವು ಕಾಯುತ್ತ ಕೂತರೆ ಅದು ನಿಮ್ಮ ತಪ್ಪು.

೧. ಗೋಡೆಗೆ ಕೂಗಿದ್ದು

ಮುಖಂಡರ ಕೇಸು ನಮ್ಮಲ್ಲಿಗೆ ಬಂದದ್ದು ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ. ಬೇಡಕಿಹಾಳದ ಒಬ್ಬ ಲೈನ್‌ಮನ್, ಅವರ ಚುನಾವಣೆ ಸಭೆಯ ಪೆಂಡಾಲಿಗೆ ಕಂಬದ ತಂತಿಯಿಂದಲೇ ಕೊಕ್ಕೆ ಹಾಕಿ ಕರೆಂಟು ಎಳೆದದ್ದನ್ನು ಕಂಡು ಆ ಕೊಕ್ಕೆ ತೆಗೆದುಬಿಟ್ಟ. ಮೈಕು ಬಂದ್ ಆಯಿತು, ಭಾಷಣ ಅರ್ಧಕ್ಕೆ ನಿಂತಿತು. ಮರುದಿನ ಮಧ್ಯಾಹ್ನ ಅವನು ಕೆಲಸಕ್ಕೆಂದು ನಮ್ಮ ಕೋರ್ಟಿನ ಊರಿಗೆ ಬಂದಾಗ, ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಮುಂದೆ ಮುಖಂಡರು ಜೀಪಿನಿಂದ ಇಳಿದರು, ಬಡಿಗೆ ಎತ್ತಿದರು, ಅವನ ಬಲಗೈಯನ್ನು ಎರಡು ಕಡೆ ಮುರಿದರು. ಇಂಥ ಕೆಲಸಕ್ಕೆ ಆಳುಗಳನ್ನು ಕಳಿಸದೆ ತಾವೇ ಬಂದದ್ದು ಅವರ ದೊಡ್ಡತನ ಎಂದು ಅವರ ಕಡೆಯವರು ಇಂದಿಗೂ ಹೇಳುತ್ತಾರೆ.

ಆಮೇಲೆ ಊರಲ್ಲಿ ಸುದ್ದಿ ಹಬ್ಬಿಸಿದರು: ಲೈನ್‌ಮನ್ ಕುಡಿದು ಕಂಬದಿಂದ ಬಿದ್ದ ಅಂತ. ಅವನೋ ಜೈನರ ಮನೆಯವನು, ಹೊತ್ತು ಮುಳುಗಿದ ಮೇಲೆ ಅನ್ನವನ್ನೂ ಮುಟ್ಟದವನು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದ ಮೊದಲ ದಿನವೇ ನನ್ನ ಹತ್ತಿರ ಹೇಳಿದ, "ಶಿಕ್ಷಾ ಆಗ್ಲಿ, ಬಿಡ್ಲಿ, ಅದ ನನ್ನ ಕೈಯಾಗ ಇಲ್ರಿ. ಸಾಕ್ಷಿ ಕಟಕಟಿ ಏರಿ, ನಾಕ ಮಂದಿ ಮುಂದ, ನನ್ನ ಬಡದಾವ್ರು ಇವ್ರ ಅಂತ ಹೆಸರ ಹಿಡದ ಒಮ್ಮಿ ಹೇಳಬೇಕ್ರಿ. ಮಗಳ್ನ ನೋಡಾಕ ಬಂದವ್ರು ಸುದ್ಧಾ ಅಪ್ಪ ಕುಡೀತಾನೇನು ಅಂತ ಕೇಳಾಕತ್ತಾರ."

ಕೋರ್ಟಿನ ಪದ್ಧತಿ ಏನೆಂದರೆ ಆರೋಪಿ ಕೋಳಿ ಕಳ್ಳನಿರಲಿ, ಕೋಟ್ಯಧೀಶನಿರಲಿ, ಬೋಳು ಹೆಸರನ್ನೇ ಕೂಗಬೇಕು. ಅಣ್ಣ, ಸಾಹೇಬ, ಏನೂ ಸೇರಿಸುವಂತಿಲ್ಲ. ಅಂಗಳದಲ್ಲಿ ಮುಖಂಡರ ಕಡೆಯವರು ನೂರು ಜನ ನಿಂತಿದ್ದರು. ಅವರೆದುರು ಆ ಹೆಸರನ್ನು ಬೋಳಾಗಿ ಕೂಗುವ ಗಂಡಸುತನ ನನಗಿರಲಿಲ್ಲ. ಬಾಗಿಲಿಗೆ ಹೋಗಿ, ಪಕ್ಕದ ಗೋಡೆಯ ಕಡೆ ಮುಖ ಮಾಡಿ, ದೇವರಿಗೆ ಹರಕೆ ಹೇಳಿಕೊಂಡಂತೆ ಮೂರು ಸಲ ಗೊಣಗಿದೆ.

ಒಳಗಿಂದ ನ್ಯಾಯಾಧೀಶರು, "ಗೋಡೆಗೆ ಕೂಗ್ತಿದ್ದೀಯೇನಪ್ಪಾ? ಹೊರಗೆ ಕೂಗು" ಎಂದರು.

ನಾನು ಧೈರ್ಯ ತಂದುಕೊಂಡು ಹೊರಗೆ ತಿರುಗಿ ಮುಖಂಡರ ಹೆಸರು ಹೇಳಿ, ತಡೆಯಲಾಗದೆ ಹಿಂದೆ "ಸಾಹೇಬ್ರ, ಬರ್ರಿ" ಎಂದೂ ಸೇರಿಸಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. "ಕೂಗು ಅಂದೆ, ಕರೀ ಅನ್ನಲಿಲ್ಲ."

ಹೇಗೆ ಕರೆದರೂ ಮುಖಂಡರು ಬರಲಿಲ್ಲ. ಅವರಿಗೆ ಎದೆನೋವು ಎಂದು ವಕೀಲರು ಅರ್ಜಿ ಕೊಟ್ಟರು, ಅರ್ಜಿ ಮಂಜೂರಾಯಿತು. ಮುಂದಿನ ಕೇಸು ತೆಲಸಂಗದ ಒಬ್ಬ ಬಡವನದು. ಪಂಪ್‌ಸೆಟ್ಟಿನ ವೈರು ಕದ್ದ ಆರೋಪ. ಅವನ ಹೆಸರನ್ನು ನಾನು ಬಸ್ ಸ್ಟ್ಯಾಂಡಿಗೂ ಕೇಳಿಸುವಂತೆ ಮೂರು ಸಲ ಕೂಗಿದೆ, ಅದಕ್ಕೆ ನನ್ನ ಗಂಟಲು ಚೆನ್ನಾಗಿತ್ತು. ಅವನೂ ಬರಲಿಲ್ಲ, ವಾರಂಟಾಯಿತು. ಅರ್ಧ ತಾಸಿಗೆ ಬೆವರು ಸುರಿಸುತ್ತ ಓಡಿಬಂದ, ಬಸ್ಸು ಕೆಟ್ಟಿತ್ತಂತೆ. ಪೊಲೀಸರು ಕೈ ಹಿಡಿದರು.

"ನಾನೂ ಎದಿನೋವು ಅಂತ ಹೇಳಿಕಳಸಬೇಕಾಗಿತ್ತೇನ್ರಿ?" ಎಂದು ನನ್ನನ್ನು ಕೇಳಿದ.

"ಎದಿನೋವ ಬರಾಕ ಮೊದಲ ಇಲೆಕ್ಷನ್ ಗೆಲ್ಲಬೇಕೋ ತಮ್ಮಾ" ಎಂದೆ.

೨. ಹೆರಿಗೆ ಡಾಕ್ಟರು

ಮುಖಂಡರ ಎದೆನೋವು ಬಹಳ ಶಿಸ್ತಿನದು. ಕೋರ್ಟಿನ ತಾರೀಖಿನ ಹಿಂದಿನ ದಿನ ಶುರುವಾಗಿ ಮರುದಿನ ವಾಸಿಯಾಗುತ್ತಿತ್ತು. ಪ್ರತಿ ಸಲವೂ ಡಾಕ್ಟರ ಸರ್ಟಿಫಿಕೇಟು ಬರುತ್ತಿತ್ತು. ಎರಡನೇ ವರ್ಷದಲ್ಲಿ ಬಂದ ಒಂದನ್ನು ಮೇಜಿನ ಮೇಲಿಟ್ಟವನು ನಾನೇ. ಹೊಸ ನ್ಯಾಯಾಧೀಶರು ಅದನ್ನು ಓದಿದರು, ಮತ್ತೆ ಓದಿದರು, ಮುಖಂಡರ ವಕೀಲರ ಕಡೆ ನೋಡಿದರು.

"ಇವರು ಹೆರಿಗೆ ಡಾಕ್ಟರಲ್ಲವೇ?"

ಕಾಗದದ ತಲೆಯ ಮೇಲೆ ದೊಡ್ಡದಾಗಿ ಪ್ರಸೂತಿ ತಜ್ಞರು ಎಂದಿತ್ತು. ಪಕ್ಕದಲ್ಲಿ ಕೂಸನ್ನು ಎತ್ತಿಕೊಂಡ ತಾಯಿಯ ಚಿತ್ರವೂ ಇತ್ತು.

ವಕೀಲರು ನಾಚಿಕೊಳ್ಳುವ ಪೈಕಿ ಅಲ್ಲ. "ಸ್ವಾಮಿ, ರವಿವಾರ ಇತ್ತು. ಸಮೀಪದಾಗ ಅವರೊಬ್ಬರ ಸಿಕ್ಕರು. ಎದಿ ಎಲ್ಲಾರಿಗೂ ಒಂದರೀ."

ಲೈನ್‌ಮನ್ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಪ್ಲಾಸ್ಟರ್ ಬಿಚ್ಚಿ ವರ್ಷವಾಗಿತ್ತು, ಕೈ ಮೊಣಕೈಯ ಕೆಳಗೆ ಸೊಟ್ಟಗಾಗಿ ಕೂಡಿತ್ತು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ಎರಡು ಬಸ್ಸು ಬದಲಿಸಿ ಬಂದಿದ್ದ. ಆರೋಪಿ ಇಲ್ಲದೆ ಅವನ ಸಾಕ್ಷಿ ತೆಗೆದುಕೊಳ್ಳುವಂತಿಲ್ಲ ಎಂದು ವಕೀಲರು ಎದ್ದು ನಿಂತು ಹೇಳಿದರು. ನ್ಯಾಯಾಧೀಶರು ನಿಟ್ಟುಸಿರುಬಿಟ್ಟು ಕ್ಯಾಲೆಂಡರ್ ತಿರುವಿ ಹಾಕಿ ಮುಂದಿನ ತಾರೀಖು ಕೊಟ್ಟರು. ಸರಿಯಾಗಿ ಮೂರು ತಿಂಗಳಿಗೆ.

ಸರಕಾರಿ ವಕೀಲರು ಫೈಲು ಕಟ್ಟುತ್ತ ನನಗಷ್ಟೇ ಕೇಳಿಸುವಂತೆ ಹೇಳಿದರು, "ಬರೋಬರಿ ಆತು. ಬಾಣಂತನಕ್ಕ ಮೂರ ತಿಂಗಳ ಬೇಕ ಬೇಕಲ್ಲ."

೩. ಪತ್ತೆಯಾಗದ ಆರೋಪಿ

ಮುಂದೆ ಬಂದ ನ್ಯಾಯಾಧೀಶರು ಸ್ವಲ್ಪ ಬಿಸಿ ರಕ್ತದವರು. ಎದೆನೋವಿನ ಅರ್ಜಿಯನ್ನು ತಳ್ಳಿಹಾಕಿ ವಾರಂಟು ಹೊರಡಿಸಿಯೇಬಿಟ್ಟರು. ಅಂದು ಲೈನ್‌ಮನ್ ನನಗೆ ಚಹಾ ಕುಡಿಸಿದ. ಅವನ ದುಡ್ಡಿನ ಚಹಾ ನಾನು ಕುಡಿಯಬಾರದಿತ್ತು. ಕುಡಿದೆ.

ವಾರಂಟನ್ನು ಕೊಂಡೊಯ್ದ ಹವಾಲ್ದಾರ ಹದಿನೈದು ದಿನ ಬಿಟ್ಟು ವಾಪಸು ತಂದ. ಹಿಂದೆ ಷರಾ ಬರೆದಿದ್ದ: ಆರೋಪಿಯನ್ನು ಮನೆಯಲ್ಲೂ ಊರಲ್ಲೂ ಹುಡುಕಲಾಗಿ ಪತ್ತೆಯಾಗಿರುವುದಿಲ್ಲ. ಮತ್ತೊಂದು ವಾರಂಟು ಹೋಯಿತು, ಮತ್ತೆ ಪತ್ತೆಯಾಗಲಿಲ್ಲ. ಹೀಗೆ ನಾಲ್ಕು ಸಲ. ಆ ದಿನಗಳಲ್ಲಿ ಮುಖಂಡರು ರಾಯಬಾಗದಲ್ಲಿ ಒಂದು ಮದುವೆ, ಕಾಗವಾಡದಲ್ಲಿ ಒಂದು ಉದ್ಘಾಟನೆ ಎಂದು ತಿರುಗುತ್ತಿದ್ದರು. ಅವರು ಎಲ್ಲಿದ್ದಾರೆಂದು ಕಬ್ಬಿನ ಟ್ರ್ಯಾಕ್ಟರಿನವರಿಗೂ ಗೊತ್ತಿತ್ತು, ಯಾಕೆಂದರೆ ಅವರ ಗಾಡಿಗಳು ಬಂದರೆ ಟ್ರ್ಯಾಕ್ಟರನ್ನು ರಸ್ತೆಯ ಕೆಳಗೆ ಇಳಿಸಬೇಕಿತ್ತು.

ಐದನೇ ಸಲ ಲೈನ್‌ಮನ್ ಒಂದು ಪೇಪರು ಮಡಚಿಕೊಂಡು ತಂದ. ಅದರಲ್ಲೊಂದು ಫೋಟೋ. ಸ್ಟೇಜಿನ ಮೇಲೆ ಮುಖಂಡರು ಶಾಲು ಹೊದ್ದು ಕೈ ಮುಗಿಯುತ್ತಿದ್ದಾರೆ. ಹಿಂದೆ, ಬಿಸಿಲು ತಾಗದಂತೆ ಅವರಿಗೆ ಛತ್ರಿ ಹಿಡಿದು ನಿಂತವನು ನಮ್ಮ ಹವಾಲ್ದಾರ. ಪತ್ತೆಯಾಗಿರುವುದಿಲ್ಲ ಎಂದು ಷರಾ ಬರೆದದ್ದೂ ಅದೇ ದಿನ.

ನ್ಯಾಯಾಧೀಶರು ಹವಾಲ್ದಾರನನ್ನು ಕರೆಸಿ ಫೋಟೋ ತೋರಿಸಿದರು. "ಛತ್ರಿ ಹಿಡಿದವನು ಯಾರು?"

"ನಾನರೀ ಸ್ವಾಮಿ. ಬಂದೋಬಸ್ತ್ ಡ್ಯೂಟಿ ಹಾಕಿದ್ರು."

"ಛತ್ರಿಯ ಕೆಳಗೆ?"

"ಸಾಹೇಬ್ರರೀ."

"ಮತ್ತೆ ಆರೋಪಿ ಸಿಗಲಿಲ್ಲ ಅಂತ ಯಾಕೆ ಬರೆದೆ?"

ಹವಾಲ್ದಾರ ನಿಜಕ್ಕೂ ಗೊಂದಲಕ್ಕೆ ಬಿದ್ದಂತೆ ಕಂಡ. ಸುಳ್ಳು ಹೇಳುವವರ ಮುಖವನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವನದು ಅಂಥ ಮುಖವಾಗಿರಲಿಲ್ಲ.

"ಸ್ವಾಮಿ, ಸ್ಟೇಜ್ ಮ್ಯಾಲ ಸಾಹೇಬ್ರು ಇದ್ರರೀ. ಆರೋಪಿ ಯಾರೂ ಇರಲಿಲ್ಲರಿ."

೪. ಬಾಸುಂದಿ ಮತ್ತು ಬಡಿಗೆ

ಈ ಪ್ರಸಂಗದಲ್ಲಿ ನನ್ನದೂ ತಪ್ಪಿದೆ. ಹೇಳದೆ ಬಿಡಬಹುದಿತ್ತು. ಆದರೆ ಊರಿನವರ ಪಾಪಗಳನ್ನೆಲ್ಲ ಎಣಿಸಿ ನನ್ನದನ್ನು ಮಾತ್ರ ಕಿಸೆಯಲ್ಲಿ ಇಟ್ಟುಕೊಂಡರೆ ನಾನೂ ಆ ಮುಖಂಡರೂ ಒಂದೇ ಆದೇವು.

ಪೊಲೀಸರು ಜಪ್ತಿ ಮಾಡಿದ ಸಾಮಾನಿಗೆ ನಮ್ಮಲ್ಲಿ ಮುದ್ದೆಮಾಲು ಎನ್ನುತ್ತಾರೆ. ಮುಖಂಡರು ಹೊಡೆದ ಬಡಿಗೆಗೆ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಮುದ್ದೆಮಾಲಿನ ಕೋಣೆಯಲ್ಲಿ ಇಟ್ಟಿದ್ದರು. ಒಂದು ಮಳೆಗಾಲ ಆ ಕೋಣೆ ಸೋರಿತು. ಸಾಮಾನನ್ನೆಲ್ಲ ತಂದು ಕೋರ್ಟ್ ಹಾಲಿನ ಮೂಲೆಯಲ್ಲಿ ಪೇರಿಸಿದೆವು, ಮತ್ತೆ ಒಳಗಿಡುವಾಗ ಆ ಬಡಿಗೆ ಅಲ್ಲೇ ಉಳಿಯಿತು. ಚೀಟಿಯನ್ನು ಹುಳ ತಿಂದಿತ್ತು, ಅರಗು ಉದುರಿತ್ತು. ನ್ಯಾಯಾಧೀಶರ ತಲೆಯ ಮೇಲಿನ ಫ್ಯಾನು ಮುದಿ ಎತ್ತಿನಂತೆ, ಒಮ್ಮೆ ತಿವಿಯದೆ ಕದಲುತ್ತಿರಲಿಲ್ಲ. ಆ ಬಡಿಗೆ ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಆರು ವರ್ಷ, ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ನಾನು ಅದರಿಂದ ಫ್ಯಾನು ತಿವಿದೆ. ಅದು ಯಾವ ಬಡಿಗೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಆ ಹೊತ್ತಿಗೆ ಲೈನ್‌ಮನ್‌ನನ್ನು ತೆಲಸಂಗಕ್ಕೆ ವರ್ಗ ಮಾಡಿಸಿದ್ದರು. ಸೊಟ್ಟ ಕೈಯವನು ಕಂಬ ಹತ್ತಲಾರ, ಆದರೂ ಕಂಬಗಳು ಹೆಚ್ಚಿರುವ ಕಡೆಗೇ ಹಾಕಿಸಿದರು. ಒಂದು ತಾರೀಖಿನ ಸಮನ್ಸು ಅವನ ಬೇಡಕಿಹಾಳದ ಹಳೆಯ ವಿಳಾಸಕ್ಕೆ ಹೋಗಿ ಹಾಗೇ ವಾಪಸಾಯಿತು. ಫಿರ್ಯಾದುದಾರನೇ ಮೊದಲ ಸಾಕ್ಷಿ ಆಗಬೇಕು, ಅದು ಪದ್ಧತಿ. ಅವನಿಲ್ಲ, ಚಹಾದಂಗಡಿಯವನು ಬಂದಿದ್ದಾನೆ, ಅವನ ಸಾಕ್ಷಿಯನ್ನೇ ಮುಗಿಸೋಣ ಎಂದರು ನ್ಯಾಯಾಧೀಶರು. ಅಂದು ಮುಖಂಡರು ಹತ್ತೂವರೆಗೇ ಹಾಜರು. ಎದೆ ಗಟ್ಟಿಯಾಗಿತ್ತು.

ಸರಕಾರಿ ವಕೀಲರು ಚಹಾದಂಗಡಿಯವನನ್ನು ಕೇಳಿದರು, "ನಿನ್ನ ಅಂಗಡಿ ಮುಂದ ಲೈನ್‌ಮನ್‌ಗ ಯಾರು ಬಡದ್ರು?"

"ನಾ ನೋಡಿಲ್ರಿ. ಒಲಿ ಕಡೆ ಮಾರಿ ಮಾಡಿ ಹಾಲ ಕಾಸಾಕತ್ತಿದ್ದೆ."

"ಜೀಪ್ ಬಂದಾಗ?"

"ಹಾಲ ಕಾಸಾಕತ್ತಿದ್ದೆ."

"ಅವ ಸತ್ನೆಪ್ಪೋ ಅಂತ ಒದರಿದಾಗ?"

"ಅವಾಗೂ ಹಾಲರೀ."

"ಪೊಲೀಸ್ರು ಬಂದು ಪಂಚನಾಮಾ ಮಾಡೂತನಕಾ ಹಾಲ ಕಾಸೂದಂದ್ರ ಏನ್ ಬಾಸುಂದಿ ಮಾಡಾಕತ್ತಿದ್ದೇನೋ ಮಾರಾಯಾ?" ಎಂದು ಸರಕಾರಿ ವಕೀಲರು ತಲೆ ಚಚ್ಚಿಕೊಂಡರು. ಕಡೆಗೆ ನನ್ನ ಕಡೆ ತಿರುಗಿ, "ಮುದ್ದೆಮಾಲು ತರ್ರಿ, ಬಡಿಗಿನಾದರೂ ಗುರ್ತಿಸ್ತಾನೋ ನೋಡೋಣ" ಎಂದರು.

ನಾನು ಕೋಣೆಗೆ ಹೋಗಿ ಹುಡುಕಿದೆ. ಕೊಡಲಿ ಇತ್ತು, ಸೈಕಲ್ಲು ಇತ್ತು, ಸಾರಾಯಿ ಕ್ಯಾನು ಇತ್ತು, ಬಡಿಗೆ ಇಲ್ಲ. ರಜಿಸ್ಟರ್ ತೆಗೆದು ನೋಡಿದೆ: ಬಿದಿರಿನದು, ನಾಲ್ಕು ಅಡಿ, ತುದಿಗೆ ತಗಡಿನ ಪಟ್ಟಿ. ಆ ತಗಡಿನ ಪಟ್ಟಿಯ ತುದಿಯಿಂದಲೇ ಅಂದು ಬೆಳಿಗ್ಗೆಯೂ ಫ್ಯಾನು ತಿವಿದಿದ್ದೆ. ಬೇರೆ ದಾರಿಯಿಲ್ಲದೆ ಹಾಲಿನ ಮೂಲೆಯಿಂದಲೇ ಅದನ್ನು ಎತ್ತಿಕೊಂಡು ಹೋಗಿ ಮೇಜಿನ ಮೇಲಿಟ್ಟೆ.

"ಈ ಬಡಿಗಿ ಗುರ್ತಿಸ್ತೀ ಏನು?"

ಚಹಾದಂಗಡಿಯವನ ಮುಖ ಅರಳಿತು. ದಿನಾ ಕೋರ್ಟಿಗೆ ಚಹಾ ತಂದುಕೊಡುತ್ತಿದ್ದವನೂ ಅವನೇ. ಅಂದು ಅವನು ಕೊಟ್ಟ ಸಾಕ್ಷಿಯಲ್ಲಿ ನಿಜ ಇದ್ದದ್ದು ಇಷ್ಟೇ ಮಾತು:

"ಹೌದ್ರಿ, ಚಲೋತಂಗ ಗುರ್ತಿಸ್ತೇನ್ರಿ. ಇದು ನಿಮ್ಮ ಫ್ಯಾನ್ ತಿವಿಯೂ ಬಡಿಗಿ ಅಲ್ಲೇನ್ರಿ?"

೫. ಕೇಸಿಗೆ ಬಂದ ಕಾಲು

ಸರಕಾರ ಬದಲಾಯಿತು, ಮುಖಂಡರು ವಿರೋಧ ಪಕ್ಷದವರಾದರು. ಕುಂಟುತ್ತಿದ್ದ ಕೇಸಿಗೆ ಒಮ್ಮೆಲೇ ಕಾಲು ಬಂತು. ತಿಂಗಳಿಗೆ ಎರಡು ತಾರೀಖು. ಹೊಸ ಸರಕಾರಿ ವಕೀಲರು ಬಂದರು, ಲೈನ್‌ಮನ್‌ನನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿಕೊಂಡು ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ ಕಣ್ಣೊರೆಸಿಕೊಂಡರು. ಆಳುವ ಪಕ್ಷದ ತಾಲೂಕಿನ ಪುಢಾರಿಗಳು ಅವನ ಮನೆಗೆ ಹೋಗಿ ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಸೊಟ್ಟ ಕೈ ಸರಿಯಾಗಿ ಕಾಣಲೆಂದು ಅಂಗಿಯ ತೋಳು ಮಡಚಿಸಿದರಂತೆ.

"ನನ್ನ ಕೈ ಮುರದು ಒಂಬತ್ತ ವರ್ಷ ಆತ್ರಿ. ಇವರಿಗೆ ಈಗ ನೋವಾಗಾಕತ್ತೈತಿ" ಎಂದು ಲೈನ್‌ಮನ್ ನನ್ನ ಹತ್ತಿರ ಹೇಳಿದ. ಆದರೂ ಆಸೆ ಕೆಟ್ಟದ್ದು. ಒಂದು ಸೋಮವಾರ ಅವನ ಸಾಕ್ಷಿಗೆ ತಾರೀಖು ಗೊತ್ತಾಯಿತು. ಹೊಸ ಧೋತರ ಉಟ್ಟುಕೊಂಡು ಬಂದ, ಜೊತೆಗೆ ಹೆಂಡತಿಯನ್ನೂ ಕರೆತಂದ, ಅವಳೂ ಕೇಳಲಿ ಎಂದು.

ಹಿಂದಿನ ಶುಕ್ರವಾರ ಏನಾಗಿತ್ತೆಂದರೆ, ಮುಖಂಡರು ನೂರಾರು ಜನ ಬೆಂಬಲಿಗರೊಂದಿಗೆ ಆಳುವ ಪಕ್ಷ ಸೇರಿದ್ದರು. ಸೋಮವಾರ ಬೆಳಿಗ್ಗೆ ಸರಕಾರಿ ವಕೀಲರು ಎದ್ದು ನಿಂತು, ಕಾಗದಗಳನ್ನು ಇನ್ನಷ್ಟು ಅಭ್ಯಾಸ ಮಾಡಬೇಕಾಗಿದೆ, ಸಮಯ ಬೇಕು ಎಂದರು. ಲೈನ್‌ಮನ್‌ನ ಹೆಂಡತಿಗೆ ಅರ್ಥವಾಗಲಿಲ್ಲ. ಅವಳು ಅಂಗಳದಲ್ಲಿ ಅವರನ್ನು ನಿಲ್ಲಿಸಿ ಕೇಳಿದಳು, "ಯಾಕ್ರಿ ಸಾಹೇಬ್ರ, ಮೊನ್ನೆ ಇವರ ಕೈ ಹಿಡಕೊಂಡ ಅಳಾಕತ್ತಿದ್ರಿ. ಈಗ ಏನ ಆತ್ರಿ?"

ಅವರ ಬದಲು ನಾನೇ ಉತ್ತರ ಕೊಟ್ಟೆ. "ಕಣ್ಣಿನ ಬ್ಯಾನಿ ಆಗಿತ್ತವ್ವಾ ಅವರಿಗೆ. ಶುಕ್ರವಾರ ವಾಸಿ ಆತು."

೬. ಸಾರ್ವಜನಿಕರ ಹಿತ

ಎಷ್ಟು ನ್ಯಾಯಾಧೀಶರು ಬಂದು ಹೋದರೋ, ನಾನು ಎಣಿಸುವುದನ್ನು ಬಿಟ್ಟಿದ್ದೆ. ನನ್ನ ನಿವೃತ್ತಿಗೆ ವರ್ಷವಿದ್ದಾಗ ಒಬ್ಬ ಹೆಣ್ಣುಮಗಳು ನ್ಯಾಯಾಧೀಶರಾಗಿ ಬಂದರು. ಹಳೆಯ ಫೈಲುಗಳನ್ನೆಲ್ಲ ಮೇಜಿನ ಮೇಲೆ ತರಿಸಿ, ಧೂಳು ಹೊಡೆಸಿ, ಈ ಕೇಸಿಗೆ ತಾರೀಖು ಬರೆದು ಅದರ ಕೆಳಗೆ ಗೆರೆ ಎಳೆದರು. ಫಿರ್ಯಾದುದಾರನ ಸಾಕ್ಷಿ, ಇನ್ನು ಯಾವ ನೆಪವೂ ನಡೆಯುವುದಿಲ್ಲ ಎಂದರು.

ಲೈನ್‌ಮನ್ ನಿವೃತ್ತನಾಗಿದ್ದ. ಮಗಳ ಮದುವೆಯೂ ಆಗಿತ್ತು, ಬಹಳ ತಡವಾಗಿ, ದೂರದ ಕಡೆ, ಈ ಸುದ್ದಿ ಮುಟ್ಟದ ಊರಿಗೆ. ಅಂದು ಮುಖಂಡರೂ ಬಂದಿದ್ದರು, ತಲೆಗೂದಲಿಗೆ ಕಪ್ಪು ಹಚ್ಚಿ, ಬಿಳಿ ಬಟ್ಟೆ ಉಟ್ಟು. ಕೇಸು ಕೂಗಲು ಹೇಳಿದರು. ನಾನು ಬಾಗಿಲಿಗೆ ಹೋಗಿ, ಅಂಗಳದ ಕಡೆ ಮುಖ ಮಾಡಿ ಮುಖಂಡರ ಬೋಳು ಹೆಸರನ್ನು ಮೂರು ಸಲ ಕೂಗಿದೆ. ಅಷ್ಟು ಗಟ್ಟಿಯಾಗಿ ನನ್ನ ನೌಕರಿಯಲ್ಲೇ ಕೂಗಿರಲಿಲ್ಲ.

ಲೈನ್‌ಮನ್ ಸಾಕ್ಷಿ ಕಟಕಟೆಯ ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಸರಕಾರಿ ವಕೀಲರು ಒಂದು ಹಾಳೆ ಹಿಡಿದು ಎದ್ದರು. ಸಾರ್ವಜನಿಕರ ಹಿತದೃಷ್ಟಿಯಿಂದ ಸರಕಾರ ಈ ಕೇಸನ್ನು ಹಿಂತೆಗೆದುಕೊಳ್ಳಲು ತೀರ್ಮಾನಿಸಿದೆ ಎಂದು ಓದಿದರು. ನ್ಯಾಯಾಧೀಶರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು, ಸರಕಾರಿ ವಕೀಲರನ್ನು ನಾಲ್ಕಾರು ಪ್ರಶ್ನೆ ಕೇಳಿದರು, ಉತ್ತರಗಳೆಲ್ಲ ತಯಾರಿದ್ದವು. ಮಧ್ಯಾಹ್ನದ ಮೇಲೆ ಅರ್ಜಿ ಮಂಜೂರಾಯಿತು. ಅಲ್ಲಿಯವರೆಗೆ ಲೈನ್‌ಮನ್ ಕಟಕಟೆಯ ಪಕ್ಕದಲ್ಲೇ ನಿಂತಿದ್ದ.

ಹೊರಗೆ ಬಂದು ನನ್ನನ್ನು ಕೇಳಿದ, "ಪಟ್ಟೇವಾಲ್ರ, ಸಾರ್ವಜನಿಕರು ಅಂದ್ರ ಯಾರ್ರಿ? ನಾ ಅದರಾಗ ಬರೂದಿಲ್ಲೇನು?"

ನಾನು ಅವನನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿದೆ. ಅಂಗಳದಲ್ಲಿ ಪಟಾಕಿ ಹಾರುತ್ತಿದ್ದವು. ಕೊರಳು ಕಾಣದಷ್ಟು ಹಾರ ಹಾಕಿಸಿಕೊಂಡು ಮುಖಂಡರು ಮಂದಿಯ ನಡುವೆ ಬರುತ್ತಿದ್ದರು. ಓಟು ಬೇಡುವವರ ಕಣ್ಣು ಹದ್ದಿನದು, ಬೆಂಚಿನ ಮೇಲೆ ಕೂತ ಮುದುಕನೊಬ್ಬನನ್ನು ಕಂಡರೆ ಬಿಡಲಿಕ್ಕಾಗುವುದಿಲ್ಲ. ನೇರ ಲೈನ್‌ಮನ್ ಹತ್ತಿರವೇ ಬಂದರು. ವಯಸ್ಸಿನಲ್ಲಿ ಅವನಿಗಿಂತ ಎರಡು ವರ್ಷ ದೊಡ್ಡವರೇ, ಆದರೆ ಕೂದಲಿಗೆ ಕಪ್ಪು ಹಚ್ಚಿದವರಿಗೆ ಯಾರನ್ನಾದರೂ ಕಾಕಾ ಎನ್ನುವ ಹಕ್ಕಿದೆ.

"ಕಾಯ್ ಕಾಕಾ, ಬರಂ ಆಹೇ ಕಾ?" ಎಂದು ಮೊದಲು ಮರಾಠಿಯಲ್ಲಿ ಕ್ಷೇಮ ಕೇಳಿದರು. ಅವರು ಬಗ್ಗಿ ಅವನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹಿಡಿದ ಮೇಲೆ ಅದು ಸೊಟ್ಟಗಿರುವುದು ತಿಳಿಯಿತು.

"ಅರೇ, ಕೈಗೆ ಏನ ಆಗೇತಿ ಕಾಕಾ?" ಎಂದರು.

ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅಣಕಿಸುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

"ಹಿಂಗ ಬಿಡಬ್ಯಾಡ್ರಿ ಇದನ್ನ. ಬೆಳಗಾವ್ಯಾಗ ನಮ್ಮವರ ದವಾಖಾನಿ ಐತಿ, ನಾಳೆನ ಹೋಗ್ರಿ. ನನ್ನ ಹೆಸರ ಹೇಳ್ರಿ ಸಾಕು, ಎಲ್ಲಾ ಅವರ ನೋಡ್ಕೋತಾರ."

ಲೈನ್‌ಮನ್ ಕೈ ಬಿಡಿಸಿಕೊಳ್ಳದೆ ಮೆಲ್ಲಗೆ ಹೇಳಿದ, "ನಿಮ್ಮ ಹೆಸರ ಹೇಳಾಕ ಅಂತನ ಹದಿನಾರ ವರ್ಷ ಇಲ್ಲಿಗೆ ಬಂದೇನ್ರಿ ಸಾಹೇಬ್ರ. ಯಾರೂ ಹೇಳಗೊಡಲಿಲ್ಲ."

ಮುಖಂಡರು ಜೋರಾಗಿ ನಕ್ಕರು. "ಕಾಕಾ ಮಾತ ಬಾಳ ಚಲೋ ಆಡ್ತಾರ" ಎಂದು ಅವನ ಭುಜ ತಟ್ಟಿದರು. ಅವರು ನಕ್ಕರೆಂದು ಹಾರ ಹಿಡಿದವರು ನಕ್ಕರು. ಅವರು ನಕ್ಕರೆಂದು ವಕೀಲರು ನಕ್ಕರು, ಛತ್ರಿ ಹಿಡಿದ ಪೊಲೀಸರು ನಕ್ಕರು. ಇಷ್ಟು ವರ್ಷದ ನೌಕರಿಯ ರೂಢಿ ನೋಡಿ, ನಾನೂ ನಕ್ಕುಬಿಟ್ಟೆ.